ಸುಂಟರಗಾಳಿ ಅಂದ್ರೆ ಯಾವ ಗಾಳಿ?

ಏಪ್ರಿಲ್ ಬಂತೆಂದರೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಒಂದು ಶಬ್ದಕ್ಕೆ ಕೈತುಂಬ ಕೆಲಸ. ಅದು ಸುಂಟರಗಾಳಿ. ದನದ ಕೊಟ್ಟಿಗೆಯ ತಗಡು ಹಾರಿದರೂ ಸುಂಟರಗಾಳಿ, ಕಂಪ್ಲಿ ಕಡೆ ಬಾಳೆ ತೋಟ ಮಲಗಿದರೂ ಸುಂಟರಗಾಳಿ, ಮಟಮಟ ಮಧ್ಯಾಹ್ನ ಬಯಲಲ್ಲಿ ಕಸಕಡ್ಡಿ ಎತ್ತಿಕೊಂಡು ಗಿರಗಿರ ತಿರುಗಿ ಹೋಗುವ ಧೂಳಿನ ಕಂಬವೂ ಸುಂಟರಗಾಳಿ. ಮಾರನೇ ದಿನ ಪೇಪರಲ್ಲೂ ಅದೇ, ಟೀವಿಯಲ್ಲೂ ಅದೇ. "ಯಾವ ಗಾಳಿ ಆದ್ರೇನ್ರೀ, ಹೋದದ್ದು ಹೋಯ್ತು" ಅಂತ ನೀವು ಅನ್ನಬಹುದು. ನಮ್ಮ ಮನೆಯಲ್ಲಿ ಹಾಗಂದರೆ ಜಗಳ ಶುರು. ಅದಕ್ಕೆ ಕಾರಣ ನಮ್ಮ ಅಕ್ಕನ ಮಗ.

ಈ ಹುಡುಗನಿಗೆ ಹವಾಮಾನದ ಹುಚ್ಚು. ಬೇರೆ ಹುಡುಗರು ಕ್ರಿಕೆಟ್ ಸ್ಕೋರು ಹೇಳಿದ ಹಾಗೆ ಇವನು ಮೋಡದ ಎತ್ತರ ಹೇಳ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೂತಿರ್ತಾನೆ. ಓದಲಿಕ್ಕಲ್ಲ. ಆ ಹೊತ್ತಿಗೆ ಅಮೆರಿಕದ ಓಕ್ಲಹಾಮಾದಲ್ಲಿ ಸಂಜೆ ಆರು ಗಂಟೆ. ಅಲ್ಲಿಯ ಬಯಲಲ್ಲಿ ದೊಡ್ಡ ದೊಡ್ಡ ಮೋಡ ಎದ್ದು, ಅದರ ಹೊಟ್ಟೆಯಿಂದ ಆನೆಯ ಸೊಂಡಿಲಿನ ಹಾಗೆ ಗಾಳಿಯ ಸುರುಳಿ ಇಳಿಯುವ ಸಮಯ ಅದು. ಆ ಮೋಡದ ಹಿಂದೆ ಕಾರು ಓಡಿಸಿಕೊಂಡು ಹೋಗುವ ಜನ ಅಲ್ಲಿ ನೂರಾರು. ಕಾರಿನ ಮುಂದೊಂದು ಕ್ಯಾಮೆರಾ, ಕೈಯಲ್ಲಿ ರಾಡಾರ್ ಚಿತ್ರ. ಅವರು ತೋರಿಸಿದ್ದನ್ನೆಲ್ಲ ಇವನು ಬಳ್ಳಾರಿಯ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ನೋಡ್ತಾನೆ. ಅಕ್ಕನಿಗೆ ಚಿಂತೆ. "ಇವನಿಗೆ ಯಾರು ಹೆಣ್ಣು ಕೊಡ್ತಾರೆ" ಅಂತಾಳೆ.

ಅವನ ಬಾಯಲ್ಲಿ ತಾರೀಕುಗಳು ಮಗ್ಗಿಯ ಹಾಗೆ ಬರ್ತವೆ. 1974ರ ಏಪ್ರಿಲ್ 3 ಮತ್ತು 4, ಒಂದು ದಿನದೊಳಗೆ 148 ಸುಂಟರಗಾಳಿ, ಸತ್ತವರು ಮುನ್ನೂರಕ್ಕೂ ಹೆಚ್ಚು. 2011ರ ಏಪ್ರಿಲ್ ಕೊನೆಯ ವಾರ, ನಾಲ್ಕು ದಿನದಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು. 2013ರ ಮೇ 31, ಎಲ್ ರೆನೊ ಅನ್ನುವ ಊರಿನ ಹತ್ತಿರ ಎದ್ದದ್ದು ನಾಲ್ಕು ಕಿಲೋಮೀಟರಿಗಿಂತ ಅಗಲ ಇತ್ತು. ಇಷ್ಟು ಅಗಲದ್ದು ಇನ್ನೊಂದು ದಾಖಲಾಗಿಲ್ಲ. ಈ ಕೊನೆಯದನ್ನು ಹೇಳುವಾಗ ಮಾತ್ರ ಅವನ ದನಿ ಸಣ್ಣದಾಗುತ್ತದೆ. ಟಿಮ್ ಸಮಾರಾಸ್ ಅಂತ ಒಬ್ಬರು, ಗಾಳಿಯ ದಾರಿಯಲ್ಲಿ ಅಳತೆಯ ಪೆಟ್ಟಿಗೆ ಇಟ್ಟು ಒತ್ತಡ ಅಳೆಯುತ್ತಿದ್ದ ಸಂಶೋಧಕರು. ಶೋಕಿಗೆ ಹೋಗುವವರಲ್ಲ, ತುಂಬ ಎಚ್ಚರದ ಮನುಷ್ಯ ಅಂತಲೇ ಹೆಸರು. ಅವತ್ತು ಅವರೂ, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಸತ್ತರು. ಗಾಳಿ ಏಕಾಏಕಿ ದಿಕ್ಕು ಬದಲಿಸಿತ್ತು.

ಇಷ್ಟೆಲ್ಲ ನೋಡುವ ಹುಡುಗನಿಗೆ ತನ್ನೂರಿನ ಆಕಾಶ ಸಪ್ಪೆ ಅನಿಸಬೇಕಲ್ಲ? ಅನಿಸಿತ್ತು ಕೂಡ. "ಚಿಗವ್ವ, ನಮ್ಮ ಕಡೆ ಯಾಕ ಅಂಥದ್ದು ಏಳಂಗಿಲ್ಲ?" ಅಂತ ಮೊದಮೊದಲು ಬೇಜಾರಿನಿಂದಲೇ ಕೇಳ್ತಿದ್ದ. ಏಳದಿದ್ದರೆ ಪುಣ್ಯ ಬಂತು ಅನ್ನೋದು ಬಿಟ್ಟು ನೋಡಪ್ಪ ಇವನ ಆಸೆ!

ಕಾರಣ ಅವನೇ ಹುಡುಕಿದ. ದೊಡ್ಡ ಸುಂಟರಗಾಳಿಗೆ ಮೂರು ಕೂಡಿ ಬರಬೇಕಂತೆ. ನೆಲದ ಹತ್ತಿರ ಬೆಚ್ಚನೆಯ ಒದ್ದೆ ಗಾಳಿ, ಅದರ ಮೇಲೆ ಒಣ ಗಾಳಿ, ಅದಕ್ಕೂ ಮೇಲೆ ಬೇರೆ ದಿಕ್ಕಿಗೆ ರಭಸವಾಗಿ ಓಡುವ ಗಾಳಿ. ಕೆಳಗಿನದು ಒಂದು ಕಡೆ, ಮೇಲಿನದು ಇನ್ನೊಂದು ಕಡೆ ಎಳೆದರೆ ನಡುವಿನ ಮೋಡ ತಿರುಗತೊಡಗುತ್ತದೆ. ಎರಡು ಅಂಗೈ ನಡುವೆ ಬತ್ತಿ ಹೊಸೆದ ಹಾಗೆ. ಅಮೆರಿಕದ ಬಯಲಿಗೆ ಈ ಮೂರೂ ಸಿಗುತ್ತವೆ. ನಮ್ಮ ದೇಶದಲ್ಲಿ ಬಂಗಾಳ, ಒಡಿಶಾ, ಪಂಜಾಬ್ ಕಡೆ ಬೇಸಿಗೆಯ ಆರಂಭದಲ್ಲಿ ಆಗೊಮ್ಮೆ ಈಗೊಮ್ಮೆ ಸಿಗುತ್ತವೆ. 1978ರ ಮಾರ್ಚ್ 17ರಂದು ದೆಹಲಿಯಲ್ಲೇ ಒಂದು ಎದ್ದು 28 ಜನ ಸತ್ತಿದ್ದರು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿ ಜಿಲ್ಲೆಯ ಮೈನಾಗುರಿ ಕಡೆ ಬಂದದ್ದು ಟೀವಿಯಲ್ಲಿ ನೀವೂ ನೋಡಿರಬಹುದು. ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಜೀವ ತೆಗೆದದ್ದು ಅಮೆರಿಕದ್ದಲ್ಲ, ನಮ್ಮ ಪಕ್ಕದ ಬಾಂಗ್ಲಾದೇಶದ್ದು. 1989ರ ಏಪ್ರಿಲ್ 26ರಂದು ದೌಲತ್‌ಪುರ, ಸಾತುರಿಯಾ ಊರುಗಳಲ್ಲಿ ಸುಮಾರು 1,300 ಜನ ಹೋದರು. ಅಲ್ಲಿ ಮೋಡದ ಹಿಂದೆ ಕಾರಿನಲ್ಲಿ ಹೋಗುವವರು ಯಾರೂ ಇರಲಿಲ್ಲ. ಇದ್ದದ್ದು ತಗಡಿನ ಮನೆಗಳು.

ನಮ್ಮ ದಖ್ಖನಿನಲ್ಲಿ ಏಪ್ರಿಲ್-ಮೇ ಹೊತ್ತಿಗೆ ಮೇಲಿನ ಗಾಳಿಗೆ ಅಷ್ಟು ಜೋರಿಲ್ಲ. ಹಾಗಾಗಿ ಮೋಡ ಏಳುತ್ತದೆ, ಗುಡುಗುತ್ತದೆ, ಅರ್ಧ ತಾಸೋ ಒಂದು ತಾಸೋ ಅಬ್ಬರಿಸಿ ಸತ್ತುಹೋಗುತ್ತದೆ. ತಿರುಗುವುದು ಬಲು ಅಪರೂಪ. ಹಾಗಾದರೆ ತಗಡು ಹಾರಿಸಿದ್ದು ಯಾವುದು, ಬಾಳೆ ಮಲಗಿಸಿದ್ದು ಯಾವುದು?

ಅದಕ್ಕೆ ನಮ್ಮ ಬಿಸಿಲೇ ಉತ್ತರ. ಬಳ್ಳಾರಿಯಲ್ಲಿ 40 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ಬಿಸಿಲಿಗೆ ನೆಲದಿಂದ ಮೇಲೆ ಎರಡು ಮೂರು ಕಿಲೋಮೀಟರ್ ತನಕ ಗಾಳಿಯೆಲ್ಲ ಕಾದು ಒಣಗಿರುತ್ತದೆ. ಮೋಡದ ತಳ ಅಷ್ಟು ಎತ್ತರದಲ್ಲಿ. ಅಲ್ಲಿಂದ ಬೀಳುವ ಮಳೆ ಈ ಒಣ ಗಾಳಿಯೊಳಗೆ ಇಳಿಯುತ್ತಾ ಅರ್ಧಕ್ಕರ್ಧ ಆರಿಹೋಗುತ್ತದೆ. ಮಣ್ಣಿನ ಹೂಜಿಯ ಮೈಮೇಲಿನ ಪಸೆ ಆರುತ್ತಾ ಒಳಗಿನ ನೀರು ತಣ್ಣಗಾಗುತ್ತದಲ್ಲ, ಅದೇ ಲೆಕ್ಕ: ಹನಿ ಆರಿದಲ್ಲಿ ಗಾಳಿ ತಣ್ಣಗಾಗುತ್ತದೆ. ತಣ್ಣಗಾದದ್ದು ಭಾರ, ಭಾರವಾದದ್ದು ಕೆಳಕ್ಕೆ. ಹಾಗೆ ರೊಯ್ಯನೆ ಬಿದ್ದ ಗಾಳಿ ನೆಲಕ್ಕೆ ಬಡಿದು ಸುತ್ತ ಚೆಲ್ಲುತ್ತದೆ. ಅಂಗಳಕ್ಕೆ ಒಂದು ಬಕೆಟ್ ನೀರು ಸುರಿದು ನೋಡ್ರಿ, ಅದೇ ಚಿತ್ರ. ಮಳೆಗಿಂತ ಹತ್ತು ನಿಮಿಷ ಮೊದಲು ಬರುವ ಆ ತಣ್ಣನೆ ಗಾಳಿ, ಅದರ ಜೊತೆ ಎದ್ದು ಬರುವ ಕೆಂಪು ಧೂಳಿನ ಗೋಡೆ, ಬಟಾಬಯಲಿನ ಮಣ್ಣಿನ ವಾಸನೆ, ಎಲ್ಲ ಇದರದ್ದೇ. ನಾವು ಮಾಳಿಗೆ ಮೇಲೆ ನಿಂತು "ಆಹಾ ತಂಪಾಯ್ತು" ಅಂತೀವಿ. ಆ ತಂಪೇ ಒಂದೊಂದು ದಿನ ವಿದ್ಯುತ್ ಕಂಬ ಮುರಿಯುತ್ತದೆ.

ಈ ಬೀಳುಗಾಳಿಯನ್ನು ಗುರುತಿಸಿದವರು ಟೆಟ್ಸುಯ ಫುಜಿಟ, ಜಪಾನಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಕೆಲಸ ಮಾಡಿದ ವಿಜ್ಞಾನಿ. 1971ರಲ್ಲಿ ಸುಂಟರಗಾಳಿಯ ಬಲ ಅಳೆಯುವ ಮಾಪನ ಕೊಟ್ಟವರೂ ಅವರೇ. 1945ರಲ್ಲಿ ನಾಗಾಸಾಕಿಗೆ ಹೋಗಿ ಬಾಂಬು ಬಿದ್ದ ಜಾಗ ನೋಡಿದ್ದರು. ನಡುವಿನಿಂದ ಹೊರಕ್ಕೆ ನಕ್ಷತ್ರದ ಕಿರಣಗಳ ಹಾಗೆ ಮರಗಳು ಮಲಗಿದ್ದವು. ಸುಮಾರು ಮೂವತ್ತು ವರ್ಷದ ಮೇಲೆ, 1974ರ ಆ ದೊಡ್ಡ ಹಾವಳಿಯ ನಂತರ ವಿಮಾನದಲ್ಲಿ ಸುತ್ತುವಾಗ ಕಾಡಿನ ಮರಗಳು ಅದೇ ರೀತಿ ಬಿದ್ದದ್ದು ಕಂಡರು. ಇದು ತಿರುಗಿದ ಗಾಳಿಯಲ್ಲ, ಮೇಲಿನಿಂದ ಬಿದ್ದ ಗಾಳಿ ಎಂದರು. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಇಂಥದ್ದೇ ಗಾಳಿಗೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ಸತ್ತಾಗ ಅವರ ಮಾತಿಗೆ ಕಿವಿ ಬಂತು. ಇವತ್ತು ವಿಮಾನ ನಿಲ್ದಾಣಗಳಲ್ಲಿ ಅದನ್ನು ಪತ್ತೆ ಮಾಡುವ ಯಂತ್ರಗಳಿವೆ.

ಅಂದರೆ ನಮ್ಮಲ್ಲಿ ಒಂದೇ ಹೆಸರಿನಡಿ ಮೂರು ಗಾಳಿ ಇವೆ. ಬಯಲಿನ ಧೂಳಿನ ಕಂಬ ನೆಲದಿಂದ ಮೇಲಕ್ಕೆ ಏಳುವಂಥದ್ದು, ಅದಕ್ಕೆ ಮೋಡವೇ ಬೇಡ. ಹಿರಿಯರು ದೆವ್ವದ ಗಾಳಿ ಅಂದು ಮಕ್ಕಳನ್ನು ಒಳಗೆ ಕರೀತಿದ್ದರು. ಮೋಡದ ಹೊಟ್ಟೆಯಿಂದ ತಿರುಗುತ್ತಾ ಇಳಿಯುವುದು ಅಸಲಿ ಸುಂಟರಗಾಳಿ. ಮೇಲಿನಿಂದ ಬಿದ್ದು ಸುತ್ತ ಚೆಲ್ಲುವುದು ಬೀಳುಗಾಳಿ, ನಮ್ಮ ಭತ್ತ ಬಾಳೆಯ ನಿಜವಾದ ವೈರಿ ಇದು. ಮಾರನೇ ದಿನ ಹೊಲಕ್ಕೆ ಹೋದರೆ ಗುರುತು ಹಿಡಿಯಬಹುದು. ಗಿಡಗಳೆಲ್ಲ ಒಂದೇ ಕಡೆಗೋ, ಬೀಸಣಿಗೆ ಬಿಚ್ಚಿದ ಹಾಗೋ ಮಲಗಿದ್ದರೆ ಬೀಳುಗಾಳಿ. ಒಂದರ ಮೇಲೊಂದು ಅಡ್ಡಡ್ಡ, ಹೆಣೆದುಕೊಂಡ ಹಾಗೆ, ಸಣ್ಣ ಪಟ್ಟಿಯಲ್ಲಿ ಬಿದ್ದಿದ್ದರೆ ತಿರುಗಿದ ಗಾಳಿ ಅಂತ ಅನುಮಾನ ಪಡಬೇಕು. ನಮ್ಮ ಹುಡುಗ ಈಗ ಅಮೆರಿಕ ಬಿಟ್ಟು ಈ ಕೆಲಸಕ್ಕೆ ಬಿದ್ದಿದ್ದಾನೆ. ಗಾಳಿ ಬಂದ ಮಾರನೇ ಬೆಳಿಗ್ಗೆ ಬೈಕ್ ಹತ್ತಿ ಕುರುಗೋಡು ಕಡೆ ಹೋಗಿ, ಬಿದ್ದ ಗಿಡಗಳ ಬುಡ ಯಾವ ಕಡೆ, ತುದಿ ಯಾವ ಕಡೆ ಅಂತ ನೋಟ್‌ಬುಕ್ಕಿನಲ್ಲಿ ಬಾಣ ಬರೆದುಕೊಂಡು ಬರ್ತಾನೆ. ತೋಟದವರು ಮೊದಲು ಇವನು ಪರಿಹಾರ ಬರೆಯಲು ಬಂದ ತಲಾಟಿ ಅಂದುಕೊಂಡು ಎಳನೀರು ಕೊಟ್ಟರಂತೆ. ಬಾಣ ಬರೆಯುವವನು ಅಂತ ಗೊತ್ತಾದ ಮೇಲೂ ಕೊಡ್ತಾರೆ, ಅದು ನಮ್ಮ ಕಡೆಯ ಜನ.

ಇನ್ನು ನಮ್ಮ ತಮ್ಮನ ಕತೆ. ನನ್ನ ತವರು ಸಿರುಗುಪ್ಪ ಹತ್ತಿರ. ತುಂಗಭದ್ರೆಯ ಕಾಲುವೆ ನೀರು, ಸೋನಾ ಮಸೂರಿ ಭತ್ತ, ಸುತ್ತ ಒಂದೊಂದು ಕ್ಯಾಂಪು. ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಆ ಭತ್ತ ಕೊಯ್ಲಿಗೆ ಬರುವುದು ಏಪ್ರಿಲಿನಲ್ಲೇ, ಅಂದರೆ ಈ ಗಾಳಿಯ ಬಾಯಿಗೇ. ಭತ್ತ ನಿಂತಿದ್ದರೆ ಕೊಯ್ಯುವ ಮಷಿನ್ ಸರಸರ ಹೋಗುತ್ತದೆ. ಮಲಗಿದರೆ ತಾಸಿಗೆ ಇಷ್ಟು ಅಂತ ಬಾಡಿಗೆ, ತಾಸು ದುಪ್ಪಟ್ಟು, ಕಾಳು ನೆಲದ ಪಾಲು. ಕೊಯ್ದು ರಸ್ತೆ ಬದಿಯಲ್ಲಿ ಹರಡಿದ್ದಾಗ ನೆನೆದರೆ ಇನ್ನೊಂದು ಕಷ್ಟ: ಸರ್ಕಾರದ ಖರೀದಿಯಲ್ಲಿ ತೇವಾಂಶ ಶೇ. 17 ಮೀರಬಾರದು, ವ್ಯಾಪಾರಿಗೆ ಅಷ್ಟೇ ನೆಪ ಸಾಕು, ಚೀಲಕ್ಕೆ ಇಷ್ಟು ಮುರಿದುಕೊಳ್ಳುತ್ತಾನೆ. 2021ರ ನವೆಂಬರಿನ ಅಕಾಲದ ಮಳೆಯಲ್ಲಿ ಮಲಗಿದ ಭತ್ತ ಗದ್ದೆಯಲ್ಲೇ ಮೊಳಕೆ ಒಡೆದದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ.

ನಮ್ಮ ಹುಡುಗ ಒಂದು ದಿನ ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿ, "ಮಾಮಾ, ಕುರುಗೋಡು ಗುಡ್ಡದ ಹಿಂದ ದೊಡ್ಡ ಮೋಡ ಎದ್ದೈತಿ, ನಿಮ್ಮ ಕಡೀಗೇ ಬರ್ತೈತಿ, ನಾಲ್ಕೂವರೆ ಒಳಗ ಭತ್ತ ಮುಚ್ಚಿ ಬಿಡು" ಅಂದ. ತಮ್ಮ ಆಳು ಕರೆದು, ರಾಶಿ ಮಾಡಿಸಿ, ತಾಡಪಾಲು ಕಟ್ಟಿಸಿದ. ನಾಲ್ಕೂ ಮುಕ್ಕಾಲಿಗೆ ಸುರಿಯಿತು. ಆ ವಾರ ಊರೆಲ್ಲ ಇವನೇ ಹೀರೋ. ಪಕ್ಕದ ಕ್ಯಾಂಪಿನವರು ತೆಲುಗಿನಲ್ಲಿ ಫೋನ್ ಮಾಡಿ ನಾಳೆ ಹೇಗೆ ಅಂತ ಕೇಳಿದರು. ಐದು ದಿನ ಬಿಟ್ಟು ಮತ್ತೆ ಅದೇ ಫೋನು. ಮತ್ತೆ ಆಳು, ಮತ್ತೆ ರಾಶಿ, ಮತ್ತೆ ತಾಡಪಾಲು. ಸಂಜೆ ಏಳಾದರೂ ಒಂದು ಹನಿ ಇಲ್ಲ, ನಕ್ಷತ್ರ ಹೊಳೀತಿದ್ದವು. ಆಳಿನ ಕೂಲಿ ಹೋಯ್ತು, ಒಂದು ದಿನದ ಬಿಸಿಲೂ ಹೋಯ್ತು. ತಮ್ಮ ಬೈಯಲಿಲ್ಲ. "ಅಳಿಯಾ, ನಿನ್ನ ಮೋಡಕ್ಕ ನಮ್ಮೂರ ದಾರಿ ಗೊತ್ತಾಗಲಿಲ್ಲೇನು?" ಅಂದ, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅಂತ ಹುಡುಗ ನನ್ನ ಹತ್ತಿರ ಹೇಳಿಕೊಂಡ.

ಮೋಡಕ್ಕೆ ದಾರಿ ತಪ್ಪಿದ್ದಲ್ಲ. ಕುರುಗೋಡಿನಿಂದ ಸಿರುಗುಪ್ಪ ನೆಟ್ಟಗೆ ಅಳೆದರೆ ಮೂವತ್ತು ಕಿಲೋಮೀಟರಿನ ಆಸುಪಾಸು. ತಾಸಿಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೊರಟ ಮೋಡಕ್ಕೆ ಒಂದು ತಾಸು ಬೇಕು. ನಮ್ಮ ಮೋಡದ ಆಯಸ್ಸೇ ಹೆಚ್ಚುಕಡಿಮೆ ಅಷ್ಟು. ಅದು ನಡುದಾರಿಯಲ್ಲಿ ಸತ್ತು, ಅದರ ಬೀಳುಗಾಳಿ ಮುಂದೆ ಹೋಗಿ ಇನ್ನೊಂದು ಮೋಡ ಎಬ್ಬಿಸಿದರೆ ಮಳೆ, ಎಬ್ಬಿಸದಿದ್ದರೆ ನಕ್ಷತ್ರ.

ರಾಡಾರ್ ನೋಡಬಹುದಲ್ಲ ಅಂತೀರಾ? ನಾವು ತೆರೆದು ನೋಡುವುದು ಹೈದರಾಬಾದಿನದ್ದು, ಗೋವಾದ್ದು. ಹೈದರಾಬಾದ್ ನಮಗೆ ನೆಟ್ಟಗೆ ಸುಮಾರು 300 ಕಿಲೋಮೀಟರ್, ಗೋವಾ ಅದಕ್ಕಿಂತ ತುಸು ಹೆಚ್ಚು. ಎರಡರ ಅಂಚಿನಲ್ಲಿ ನಾವು. ಭೂಮಿ ಗುಂಡಗಿದೆ, ರಾಡಾರಿನ ಕಿರಣ ಹೆಚ್ಚುಕಡಿಮೆ ನೇರ ಹೋಗುತ್ತದೆ. ಹಾಗಾಗಿ ಅಷ್ಟು ದೂರ ಬರುವ ಹೊತ್ತಿಗೆ ಅದು ನಮ್ಮ ತಲೆಯ ಮೇಲೆ ಏಳೆಂಟು ಕಿಲೋಮೀಟರ್ ಎತ್ತರದಲ್ಲಿ ಹಾಯುತ್ತದೆ. ಎತ್ತಿ ಹಿಡಿದ ಟಾರ್ಚಿಗೆ ಜೋಳದ ತೆನೆ ಕಾಣುತ್ತದೆ, ಬುಡ ಕಾಣುವುದಿಲ್ಲ. ಮೋಡದ ತಲೆ ಕಂಡರೂ, ಅದರ ಕೆಳಗೆ ಮಳೆ ಬೀಳುತ್ತಿದೆಯೋ, ಬೀಳುಗಾಳಿ ಹೊರಟಿದೆಯೋ ಅದು ಹೇಳಲಾರದು. ಉಪಗ್ರಹದ ಚಿತ್ರ ಇದೆ. 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಸೇರಿದಂತೆ ನಮ್ಮವೇ ಇವೆ. ಆದರೆ ಅದೂ ಮೇಲಿನಿಂದ ನೋಡುವುದು, ಕೊಡೆಯ ಮೇಲ್ಭಾಗ ನೋಡಿ ಕೆಳಗೆ ಯಾರಿದ್ದಾರೆ ಅಂತ ಹೇಳಿದ ಹಾಗೆ.

ಹಾಗಾಗಿ ನಮ್ಮ ಕಡೆ ಕೊನೆಯ ಮೂವತ್ತು ಕಿಲೋಮೀಟರ್ ಮನುಷ್ಯರ ಕಣ್ಣಿಗೇ ಬಿಟ್ಟದ್ದು. ಅಮೆರಿಕದಲ್ಲಿ ಅಷ್ಟೊಂದು ರಾಡಾರ್ ಇದ್ದರೂ ಅಲ್ಲಿಯ ಹವಾಮಾನ ಇಲಾಖೆ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಕಂಡದ್ದನ್ನು ಹೇಳಿ ಅನ್ನುತ್ತದೆ. ಆ ಏರ್ಪಾಡಿಗೆ ಸ್ಕೈವಾರ್ನ್ ಅಂತ ಹೆಸರು, 1970ರ ದಶಕದಿಂದ ಇದೆ. ಕಾರಿನಲ್ಲಿ ಬೆನ್ನಟ್ಟುವವರ ವಿಡಿಯೊ ನಮಗೆ ಕಾಣುತ್ತದೆ; ಮನೆಯ ಮುಂದೆ ನಿಂತು "ಇಷ್ಟು ಗಂಟೆಗೆ, ಇಂಥ ಕಡೆ, ಇಷ್ಟು ಗಾತ್ರದ ಆಲಿಕಲ್ಲು" ಅಂತ ಫೋನ್ ಮಾಡುವ ಸಾವಿರಾರು ಜನ ಕಾಣುವುದಿಲ್ಲ. ನನ್ನ ಕೇಳಿದರೆ ಜೀವ ಉಳಿಸುವ ಕೆಲಸದಲ್ಲಿ ಎರಡನೆಯವರದ್ದೇ ದೊಡ್ಡ ಪಾಲು.

ಮಾಮ ಅಳಿಯ ಇಬ್ಬರೂ ಈಗ ಒಂದು ಕರಾರಿಗೆ ಬಂದಿದ್ದಾರೆ. ಹುಡುಗ "ಮಳೆ ಬರ್ತೈತಿ" ಅನ್ನುವುದಿಲ್ಲ. "ಮೂರು ಗಂಟೆ ಹತ್ತು ನಿಮಿಷ, ಕುರುಗೋಡಿಗೆ ಉತ್ತರಕ್ಕ ಮೋಡ, ಮಿಂಚು ಐತಿ, ಈ ಕಡೆಗೇ ಸರೀತೈತಿ, ಸತ್ತರೂ ಸಾಯಬಹುದು" ಅನ್ನುತ್ತಾನೆ. ಮುಚ್ಚಬೇಕೋ ಬೇಡವೋ ಮಾಮನ ತೀರ್ಮಾನ. ಕಾಳು ಒಣಗಿ ಇವತ್ತೋ ನಾಳೆಯೋ ಚೀಲ ತುಂಬುವಂತಿದ್ದರೆ ತಮ್ಮ ಮುಚ್ಚಿಸುತ್ತಾನೆ. ಇನ್ನೂ ಹಸಿ ಇದ್ದರೆ ಅರ್ಧ ತಾಸು ಕಾಯುತ್ತಾನೆ, ಎರಡನೇ ಫೋನ್ ಬರಲಿ ಅಂತ. ಕುರುಗೋಡಿನಲ್ಲಿ ನಮ್ಮ ನಾದಿನಿ ಇದ್ದಾಳೆ, ಅವರದ್ದು ಮೆಣಸಿನಕಾಯಿ. ಕಣದಲ್ಲಿ ಹರಡಿದ ಕಾಯಿಗೆ ಒಂದು ಮಳೆ ಬಿದ್ದರೆ ಬಿಳಿಚಿಕೊಂಡು ರೇಟು ಅರ್ಧಕ್ಕೆ ಇಳಿಯುತ್ತದೆ. ಅವಳೂ ಈಗ ಈ ಕರಾರಿನೊಳಗೆ. ಮೋಡ ಅವಳ ತಲೆ ಮೇಲೆ ಬಂದಾಗ ಮೊದಲ ವರದಿ ಅವಳದ್ದು: "ಗಾಳಿ ಬಂತು, ಹನಿ ಇಲ್ಲ" ಅಥವಾ "ಹನಿ ಬಂತು, ದಪ್ಪ ಹನಿ." ಅದನ್ನು ಕೇಳಿ ಸಿರುಗುಪ್ಪಕ್ಕೆ ಎರಡನೇ ಫೋನು.

ಇದನ್ನು ನಾನು ಹೊಗಳಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಮ್ಮ ಮೊಬೈಲಿಗೆ ಬರುವ ಸಂದೇಶಗಳನ್ನು ನೋಡಿದ್ದೀರಲ್ಲ? "ಇನ್ನು ಮೂರು ತಾಸಿನಲ್ಲಿ ಭಾರಿ ಬಿರುಗಾಳಿ, ಎಲ್ಲರಿಗೂ ಕಳಿಸಿ." ಯಾವ ಊರು, ಯಾವ ದಿನ, ಯಾರು ಹೇಳಿದ್ದು, ಒಂದೂ ಇಲ್ಲ. ಹವಾಮಾನ ಇಲಾಖೆ ಮೂರು ತಾಸಿನ ಮುನ್ನೆಚ್ಚರಿಕೆ ಕೊಡುವುದು ನಿಜ, ಅದರಲ್ಲಿ ಹೊರಡಿಸಿದ ಸಮಯ, ಜಿಲ್ಲೆ ಎರಡೂ ಇರುತ್ತವೆ. ಅದನ್ನು ಕತ್ತರಿಸಿ ಹಂಚಿದರೆ ಮೂರು ದಿನದ ಮೇಲೆ ಬೀದರಿನದ್ದು ಬಳ್ಳಾರಿಗೆ ಬರುತ್ತದೆ. ಪಕ್ಕದ ತಮಿಳುನಾಡಿನಲ್ಲಿ ಪ್ರದೀಪ್ ಜಾನ್ ಅನ್ನುವವರು ಇಲಾಖೆಯ ನೌಕರರಲ್ಲ, ಹವ್ಯಾಸಿಗಳು. ಅವರ ಮಾತಿಗೆ ಲಕ್ಷಾಂತರ ಜನ ಕಾಯುತ್ತಾರೆ. ಹುಚ್ಚನ್ನು ಶಿಸ್ತಿಗೆ ತಂದರೆ ಏನಾಗಬಹುದು ಅನ್ನುವುದಕ್ಕೆ ಅವರೊಂದು ಉದಾಹರಣೆ.

ಮಳೆ ಅಳೆಯುವ ಮಾತು ಬಂದಾಗ ನಮ್ಮ ಅಪ್ಪ ಹೇಳುತ್ತಿದ್ದರು: ಅಡ್ಡಮಳೆ ಎತ್ತಿನ ಒಂದು ಕೊಂಬು ತೋಯಿಸಿ ಇನ್ನೊಂದು ಬಿಡುತ್ತದೆ ಅಂತ. ಅಮೆರಿಕದ ಫೋರ್ಟ್ ಕಾಲಿನ್ಸ್ ಊರಿನಲ್ಲಿ 1997ರ ಜುಲೈ 28ರಂದು ಹೀಗೇ ಆಯಿತು. ಊರಿನ ಒಂದು ಬದಿಗೆ 350 ಮಿಲಿಮೀಟರಿಗೂ ಮಿಕ್ಕಿ ಸುರಿದು ಪ್ರವಾಹ ಬಂದು ಐದು ಜನ ಸತ್ತರು. ಇನ್ನೊಂದು ಬದಿಗೆ 50 ಕೂಡ ಇಲ್ಲ. ಮರುವರ್ಷ ಅಲ್ಲಿಯ ಜನ ಮನೆಮನೆಯಲ್ಲಿ ಒಂದು ಪ್ಲಾಸ್ಟಿಕ್ ಮಳೆಮಾಪಕ ನೆಟ್ಟು ದಿನಾ ಬೆಳಿಗ್ಗೆ ಬರೆದಿಡುವ ಕೂಟ ಕಟ್ಟಿದರು. ಕೊಕೊರಾಸ್ ಅಂತ ಅದರ ಹೆಸರು, ಈಗ ದೇಶವೆಲ್ಲ ಹರಡಿದೆ. ಇದು ನಮಗೇನೂ ಹೊಸದಲ್ಲ ಬಿಡ್ರಿ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ಅಡಿಕೆ ತೋಟದವರು ದಶಕಗಳಿಂದ ಅಂಗಳದ ಮಳೆ ಅಳೆದು ಬರೆಯುತ್ತಾ ಬಂದಿದ್ದಾರೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೂಡ, 1988ರಲ್ಲಿ ಬರ ಉಸ್ತುವಾರಿಗೆಂದು ಶುರುವಾದದ್ದು, ಗ್ರಾಮ ಪಂಚಾಯಿತಿ ಮಟ್ಟದ ತನಕ ತಾನೇ ಲೆಕ್ಕ ಕಳಿಸುವ ಮಳೆಮಾಪಕ ಇಟ್ಟಿದೆ. ಅಷ್ಟಿದ್ದೂ ಎರಡು ಪಂಚಾಯಿತಿ ನಡುವೆ ಎತ್ತಿನ ಎರಡು ಕೊಂಬಿಗಿಂತ ಜಾಸ್ತಿ ಜಾಗ ಇದೆ. ಬೇಕಾದದ್ದು ನೇರ ಗೋಡೆಯ ಒಂದು ಡಬ್ಬಿ, ಒಂದು ಸ್ಕೇಲು, ಮರದಿಂದ ದೂರದ ಬಯಲು ಜಾಗ. ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ, ನಾವೂ ಅದೇ ಹೊತ್ತಿಗೆ ಅಳೆದರೆ ತಾಳೆ ನೋಡಬಹುದು. ಒಂದು ಮಿಲಿಮೀಟರ್ ಅಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು. ಇದನ್ನು ಹೇಳಿದ ದಿನ ತಮ್ಮ ಬಹಳ ಹೊತ್ತು ಬೆರಳು ಮಡಚಿ ಲೆಕ್ಕ ಹಾಕುತ್ತಾ ಕೂತಿದ್ದ.

ಹೆಸರಿನ ಜಗಳಕ್ಕೆ ಮತ್ತೆ ಬರ್ತೀನಿ. ಫಸಲ್ ಬಿಮಾ ಕಟ್ಟಿದವರಿಗೆ ಅದು ಬರೀ ಶಬ್ದವಲ್ಲ. ವಿಮೆಯ ಪಟ್ಟಿಗೆ ಸೇರಿದ ಬೆಳೆ ಆಲಿಕಲ್ಲಿಗೆ ಸಿಕ್ಕರೆ, ಹೊಲದಲ್ಲಿ ನೀರು ನಿಂತು ಹೋದರೆ, ನಿಮ್ಮ ಹೊಲವೊಂದನ್ನೇ ನೋಡಿ ನಷ್ಟ ಬರೆಯುವ ಅವಕಾಶ ಇದೆ. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೂ ಹಾಗೆಯೇ. ಆದರೆ ಎರಡಕ್ಕೂ 72 ಗಂಟೆಯೊಳಗೆ ತಿಳಿಸಬೇಕು. ಬರೀ ಗಾಳಿಗೆ ನಿಂತ ಬೆಳೆ ಮಲಗಿತು ಅಂದರೆ ಲೆಕ್ಕವೇ ಬೇರೆ, ಸೀಮೆಯ ಸರಾಸರಿ ಇಳುವರಿ ನೋಡುತ್ತಾರೆ. ಆಲಿಕಲ್ಲು ಬಿದ್ದದ್ದನ್ನೂ ಸೇರಿಸಿ "ಸುಂಟರಗಾಳಿ ಬಂದು ಎಲ್ಲ ಹೋಯ್ತು" ಅಂತ ಬರೆಸಿ ಬಂದವರನ್ನು ನಾನು ಕಂಡಿದ್ದೇನೆ. ಆಲಿಕಲ್ಲು ಬಿದ್ದರೆ ಕರಗುವ ಮುಂಚೆ ಒಂದು ನಾಣ್ಯ ಪಕ್ಕಕ್ಕಿಟ್ಟು ಫೋಟೊ ತೆಗೀರಿ. ಫೋನಿನಲ್ಲಿ ತಾರೀಕು, ಸಮಯ ತಾನೇ ಉಳಿಯುತ್ತದೆ.

ಮತ್ತೆ ಒಂದು ಮಾತು, ಮನೆಯಲ್ಲಿ ಗಂಡುಹುಡುಗರಿರುವ ತಾಯಂದಿರಿಗೆ. ಮೋಡದ ವಿಡಿಯೊ ಮಾಡಲು ಬಯಲಿಗೆ ಓಡುವ ಚಾಳಿ ಈಗ ನಮ್ಮಲ್ಲೂ ಬಂದಿದೆ. ಓಕ್ಲಹಾಮಾದವರು ಕಾರಿನೊಳಗೆ ಕೂತಿರ್ತಾರೆ, ನಮ್ಮವರು ಬೈಕ್ ಮೇಲೆ. ಎರೆಹೊಲದ ಬಯಲಲ್ಲಿ ಎದ್ದು ನಿಂತವನೇ ಎತ್ತರದ ವಸ್ತು. 2022 ಒಂದೇ ವರ್ಷ ನಮ್ಮ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ ಎಂದು ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ಅವರಲ್ಲಿ ವಿಡಿಯೊ ಮಾಡಲು ಹೋದವರಿಗಿಂತ ಹೊಲದಲ್ಲಿ ಕೆಲಸ ಮಾಡುತ್ತಿದ್ದವರೇ ಹೆಚ್ಚು. ಕುರಿ ಕಾಯುವವರು ಮಳೆ ಬಂತೆಂದು ಮರದಡಿ ನಿಂತು, ಕುರಿಗಳ ಜೊತೆಗೇ ಹೋದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಮಿಂಚು ಕಂಡ ಮೇಲೆ ಎಣಿಸಿ: ಮೂರು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೋಮೀಟರಿನೊಳಗೆ ಇದೆ. ಮೂವತ್ತರೊಳಗೆ ಕೇಳಿದರೂ ಕೆಲಸ ಬಿಟ್ಟು ಗಟ್ಟಿ ಮನೆಯೊಳಗೋ ಮುಚ್ಚಿದ ಕಾರಿನೊಳಗೋ ಹೋಗಬೇಕು. ಬಯಲಿನ ಮಂಟಪ, ಪಂಪ್‌ಸೆಟ್ಟಿನ ತಗಡಿನ ಗೂಡು, ಮರ ಇವು ಆಸರೆಯಲ್ಲ. ಕೊನೆಯ ಗುಡುಗಿನ ಮೇಲೆ ಅರ್ಧ ತಾಸು ಕಾಯಬೇಕು. ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಅನ್ನುವುದು ಸುಳ್ಳು. ಬದಲಿಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ ದಾಮಿನಿ ಆ್ಯಪ್, ನಮ್ಮ ರಾಜ್ಯ ಕೇಂದ್ರದ ಸಿಡಿಲು ಆ್ಯಪ್ ಎರಡೂ ಹತ್ತಿರದ ಮಿಂಚಿನ ಎಚ್ಚರಿಕೆ ಕೊಡುವುದು ಆ ಮೊಬೈಲಿನಲ್ಲೇ. ಕುರಿ ಕಾಯುವ ನಮ್ಮ ಮಾವಂದಿರ ಫೋನಿನಲ್ಲಿ ಇವನ್ನು ಹಾಕಿಕೊಡಲು ಐದು ನಿಮಿಷ ಸಾಕು. ಹಳೇ ಬಟನ್ ಫೋನ್ ಇರುವವರಿಗೆ ಎಣಿಸುವುದನ್ನು ಹೇಳಿಕೊಡಿ.

ನಮ್ಮ ಹುಡುಗನಿಗೂ ಅಕ್ಕ ಇದೇ ಷರತ್ತು ಹಾಕಿದ್ದಾಳೆ. ಮೋಡ ನೋಡುವುದು ಮನೆಯೊಳಗಿನ ಕಿಟಕಿಯಿಂದ, ಗುಡುಗು ಶುರುವಾದರೆ ಮಾಳಿಗೆಯೂ ಇಲ್ಲ. ಹೊಲಕ್ಕೆ ಹೋಗುವುದು ಮಾರನೇ ಬೆಳಿಗ್ಗೆ.

ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ ಮಧ್ಯಕ್ಕೆ, ಆಮೇಲೆ ಭರಣಿ, ಆಮೇಲೆ ಕೃತ್ತಿಕೆ. ಜೂನಿನಲ್ಲಿ ಮೃಗಶಿರ ಕೂಡುವ ತನಕ ಗಾಳಿಯ ಕಾಲವೇ. ಕುರುಗೋಡು, ಸಿರುಗುಪ್ಪ, ಬಳ್ಳಾರಿ ಸುತ್ತಿನ ಓದುಗರು ಈ ಎರಡು ತಿಂಗಳು ಅಂಕಣಕ್ಕೆ ಬರೆಯುವಾಗ ಉಪ್ಪಿನಕಾಯಿಯ ಪ್ರಶ್ನೆ ಜೊತೆಗೆ ಮೂರು ವಿಷಯ ಸೇರಿಸಿ ಅಂತ ಹುಡುಗನ ವಿನಂತಿ: ಗಾಳಿ ಶುರುವಾದ ಗಂಟೆ ನಿಮಿಷ, ಡಬ್ಬಿಯಲ್ಲಿ ನಿಂತ ಮಳೆ ಎಷ್ಟು ಮಿಲಿಮೀಟರ್, ಬಿದ್ದ ಮರವೋ ಬಾಳೆಯೋ ಭತ್ತವೋ ಯಾವ ದಿಕ್ಕಿಗೆ ತಲೆ ಹಾಕಿತ್ತು. ದಿಕ್ಕು ಗೊತ್ತಾಗದಿದ್ದರೆ "ಊರ ಕಡೆಗೆ", "ಕಾಲುವೆ ಕಡೆಗೆ" ಅಂತ ಬರೆದರೂ ನಡೆಯುತ್ತದಂತೆ, ಅವನು ನಕ್ಷೆ ನೋಡಿ ಸರಿ ಮಾಡಿಕೊಳ್ಳುತ್ತಾನೆ.